ದಾಸವಾಳದ ಕಡ್ಡಿಗಳ ತಪಾಸಣೆ

ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿದವರಿಗೆ ನಿವೃತ್ತಿಯಾದ ಮೇಲೂ ಏನನ್ನಾದರೂ ತಪಾಸಣೆ ಮಾಡದೆ ತಿಂದದ್ದು ಅರಗುತ್ತಿರಲಿಲ್ಲ. ಬೀದಿಯವರ ಬಾಯಲ್ಲಿ ಅವರು ಟಿಕೆಟ್ ಮಾವ. ಫ್ರಿಜ್ಜು, ನಲ್ಲಿ, ಹಾಲಿನ ಪಾತ್ರೆ ಎಲ್ಲದರೊಳಗೂ ಇಣುಕಿ ಇಣುಕಿ ಹೆಂಡತಿಯ ತಲೆ ಚಿಟ್ಟು ಹಿಡಿಸಿದಾಗ, ಆಕೆ ತನ್ನ ಕೆಲಸದಲ್ಲೇ ಒಂದು ಪಾಲು ಕೊಟ್ಟರು. ಹಿತ್ತಿಲಲ್ಲಿ ದಾಸವಾಳದ ಕಡ್ಡಿಗಳಿಗೆ ಬೇರು ಬರಿಸಿ ನರ್ಸರಿಗೆ ಕೊಡುವುದು ಆಕೆಯ ಕೆಲಸ.

“ನೋಡಿ, ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ಯಬೇಕು. ತುದಿ ಒದ್ದೆ ಮಾಡಿ ಬೇರು ಬರಿಸೋ ಹಾರ್ಮೋನ್ ಪುಡೀಲಿ ಅದ್ದಿ, ಹೆಚ್ಚಾದದ್ದು ಕೊಡವಿ, ಮರಳೂ ತೆಂಗಿನ ನಾರಿನ ಪುಡೀನೂ ಬೆರೆಸಿರೋ ಟ್ರೇಲಿ ಊರಬೇಕು. ಆಮೇಲೆ ಕೈ ಕಟ್ಟಿಕೊಂಡು ಕೂರಬೇಕು.”

ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾವ ಚಾಚೂ ತಪ್ಪದೆ ಮಾಡಿದರು. ದಿನಾ ಬೆಳಿಗ್ಗೆ ಕನ್ನಡಕ ಏರಿಸಿ ಒಂದೊಂದೇ ಕಡ್ಡಿಯನ್ನು ಕಿತ್ತು, ಬುಡ ನೋಡಿ, “ಇನ್ನೂ ಇಲ್ವಾ?” ಎಂದು ಗದರಿ, ಮತ್ತೆ ಊರುತ್ತಿದ್ದರು.

ಪಕ್ಕದಲ್ಲೇ ಇದ್ದ ಹೆಂಡತಿಯ ಟ್ರೇಯಲ್ಲಿ ಚಿಗುರು ಕಣ್ಣು ಬಿಟ್ಟಿತು. ಮಾವನ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಕಾಲು ಮುರಿದುಕೊಂಡ ತಂಗಿಯ ಆರೈಕೆಗೆಂದು ಹೆಂಡತಿ ಹೊರಟರು.

“ನನ್ನ ಟ್ರೇ ಮುಟ್ಟಿದ್ರೆ ನೋಡಿ ಮತ್ತೆ.”

ಆಕೆ ಬೀದಿಯ ತಿರುವು ದಾಟುತ್ತಲೇ ಮಾವ ಟ್ರೇಗಳನ್ನು ಅದಲುಬದಲು ಮಾಡಿದರು. ಹೆಂಡತಿಯ ಜಾಗಕ್ಕೆ ಹೋದ ಟ್ರೇಯನ್ನು ಮುಟ್ಟಲು ಆಮೇಲೆ ಧೈರ್ಯ ಬರಲಿಲ್ಲ; ನೀರು ಚಿಮುಕಿಸಿ ದೂರ ಸರಿಯುತ್ತಿದ್ದರು. ತಮ್ಮದಾದ ಟ್ರೇಗೆ ಮಾತ್ರ ಎಂದಿನ ತಪಾಸಣೆ ತಪ್ಪಲಿಲ್ಲ. ಎಳೆಯ ಬೇರುಗಳೆಲ್ಲ ಮುರಿದು ಕಡ್ಡಿಗಳು ಒಣಗಿದವು. ಅತ್ತ, ಮುಟ್ಟದೆ ಬಿಟ್ಟವು ಸೊಂಪಾಗಿ ಚಿಗುರಿದವು.

ವಾಪಸು ಬಂದ ಹೆಂಡತಿ ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದರು. “ಇದು ನಂದು, ಆ ಸೌದೆ ಇವರದ್ದು.” ಮಾವ ತಡೆದುಕೊಂಡರು. “ನಮ್ಮೆಜಮಾನ್ರ ಕೈಯಲ್ಲಿ ಹುಲ್ಲೂ ಚಿಗುರಲ್ಲ” ಎಂದು ಹೆಂಡತಿ ಸೇರಿಸಿದಾಗ ಮಾವನ ಬಾಯಿ ಜಾರಿತು.

“ಅದು ನನ್ನ ಟ್ರೇ ಕಣೇ.”

“ನಿಮ್ಮದು ಹೇಗಾಗುತ್ತೆ?”

“ನಾನೇ ಬದಲಾಯಿಸಿದ್ದು.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು. “ಅಂದ್ರೆ ನೀವು ಕದ್ದದ್ದು ಸತ್ತುಹೋಯ್ತು, ಬೇಡ ಅಂತ ಬಿಟ್ಟದ್ದು ಬದುಕಿಕೊಳ್ತು.”

“ಹಾಗೇ ಅನ್ನು.”

ಪಕ್ಕದ ಮನೆಯಾಕೆ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಹೆಂಡತಿಗೂ ನಗು ಬಂತು.

ಆ ಸಸಿಗಳನ್ನು ಆಕೆ ನರ್ಸರಿಗೆ ಕೊಡಲಿಲ್ಲ. ಕಾಂಪೌಂಡಿನುದ್ದಕ್ಕೂ ಗಂಡನ ಕೈಯಿಂದಲೇ ನೆಡಿಸಿದರು. ಈಗ ಅವು ಎದೆಯೆತ್ತರವಾಗಿ ಮೈತುಂಬ ಹೂ ಬಿಟ್ಟಿವೆ. ದಾರಿಹೋಕರು ಒಂದು ಗಳಿಗೆ ನಿಂತು ನೋಡಿದರೆ ಸಾಕು, ಮಾವ ಗೇಟು ತೆರೆದು ಬಂದು ಕಡ್ಡಿ ಊರುವ ಬಗೆಯನ್ನು ಮೊದಲಿನಿಂದ ಹೇಳತೊಡಗುತ್ತಾರೆ. ಕಾಫಿ ಆರಿಹೋಯಿತೆಂದು ಹೆಂಡತಿ ಒಳಗಿನಿಂದ ಕೂಗುವವರೆಗೂ ಬಿಡುವುದಿಲ್ಲ.