ಕ್ಯೋಟೊದ ಬಿಲ್ವಪತ್ರೆ

ನಮ್ಮತ್ತೆ ವಿಶಾಲಾಕ್ಷಮ್ಮನವರನ್ನು ನಮ್ಮೂರು ಶನಿವಾರಸಂತೆಯಲ್ಲಿ ಯಾರಾದರೂ "ಜಪಾನು ನೋಡಿ ಬಂದವರು" ಎಂದು ಹೊಗಳಿದರೆ ನನಗೆ ನಗು ತಡೆಯುವುದಿಲ್ಲ. ಆ ದೇಶದ ಹಳೆಯ ರಾಜಧಾನಿಯಲ್ಲಿ ಅವರು ಕಣ್ತುಂಬ ನೋಡಿದ್ದು ಒಂದು ಮುಳ್ಳುಬೇಲಿಯನ್ನು. ಜೊತೆಗಿದ್ದ ತಪ್ಪಿಗೆ ನಾನೂ ಅದನ್ನೇ ನೋಡಿದೆ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನನ್ನ ಯಜಮಾನರು ಶಾಂತಪ್ಪ, ಬೊಂಬಾಯಿಯ ಬಟ್ಟೆ ವ್ಯಾಪಾರಿಯೊಬ್ಬರ ಕೋಬೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತಾಯಿಯನ್ನೂ ಹೆಂಡತಿಯನ್ನೂ ಕರೆಸಿಕೊಂಡು ಕ್ಯೋಟೊ ಪಟ್ಟಣ ತೋರಿಸುವ ಆಸೆ ಅವರಿಗೆ. ಅತ್ತೆಯದು ಒಂದೇ ಷರತ್ತು, ಇಷ್ಟಲಿಂಗದ ಪೂಜೆ ತಪ್ಪಬಾರದು. ಮದುವೆಯಾಗಿ ಬಂದಂದಿನಿಂದ ಅವರು ಬಿಲ್ವಪತ್ರೆ ಏರಿಸದೆ ಪೂಜೆ ಮಾಡಿದವರಲ್ಲ. ಪೂಜೆಯಾಗದೆ ತೊಟ್ಟು ನೀರು ಕುಡಿದವರಲ್ಲ. ಬಿಲ್ವ ಒಣಗಿದರೂ ತೊಳೆದು ಮತ್ತೆ ಏರಿಸಬಹುದು. ಹಾಗಾಗಿ ಒಂದು ಗಂಟು ಪತ್ರೆ ಕಟ್ಟಿಕೊಂಡೇ ಹಡಗು ಹತ್ತಿದರು. ಕೋಬೆಯ ಮನೆಯಲ್ಲಿ ಬಿಟ್ಟರೆ ಯಾರಾದರೂ ಕದ್ದಾರೆಂದು ಕ್ಯೋಟೊಗೂ ಅದನ್ನು ಹೊತ್ತು ತಂದರು.

ನಾವು ಇಳಿದುಕೊಂಡ ವಸತಿಗೃಹದ ಹೆಂಗಸು ಬಲು ಶುಚಿ. ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಂಟಿನ ಬಟ್ಟೆಯನ್ನು ಕೊಡವಿ ಅಂದವಾಗಿ ಮಡಿಸಿಟ್ಟಿದ್ದಳು. ಒಳಗಿದ್ದ ಒಣಗಿದ ಕಸವನ್ನು ಒಲೆಗೆ ಹಾಕಿದ್ದಳು.

"ಅವ್ವಾ, ಇವತ್ತೊಂದಿನ ವಿಭೂತಿ ಧರಿಸಿ ಮುಗಿಸ್ಬಿಡಿ," ಎಂದರು ಯಜಮಾನರು.

"ಊರು ತೋರಿಸ್ತೀನಿ ಅಂದ್ಯಲ್ಲ, ತೋರ್ಸು ನಡಿ. ಇಷ್ಟೊಂದು ದೇವಸ್ಥಾನ ಇರೋ ಊರಲ್ಲಿ ಒಂದು ಬಿಲ್ವದ ಮರ ಇರಕಿಲ್ವಾ?"

ಅತ್ತೆ ಉಣ್ಣದೆ ಸೊಸೆ ಉಣ್ಣುವಂತಿಲ್ಲ, ಅದು ನಮ್ಮ ಮನೆಯ ರೂಢಿ. ಮಗನಿಗೆ ಆ ರೂಢಿ ಇಲ್ಲ. ದಾರಿ ಕೇಳಿ ಬರುತ್ತೇನೆಂದು ಹೋದ ಯಜಮಾನರು ಮೀಸೆ ಒರೆಸಿಕೊಳ್ಳುತ್ತ ಬಂದರು. ನನಗೆ ಮೈಯೆಲ್ಲ ಉರಿಯಿತು.

ಒಂದು ಕಡೆ ಮರಳಿನಲ್ಲಿ ಗೆರೆ ಎಳೆದು ಕಲ್ಲು ನಿಲ್ಲಿಸಿದ ತೋಟ. ಜನ ಅದರ ಮುಂದೆ ಉಸಿರೆತ್ತದೆ ಕೂತಿದ್ದರು. "ಇಷ್ಟು ಜಾಗ ಇಟ್ಕಂಡು ಒಂದು ಗಿಡ ಹಾಕ್ಬಾರ್ದಾ?" ಎಂದು ಅತ್ತೆ ಹೊರಟೇಬಿಟ್ಟರು. ಇನ್ನೊಂದು ಗುಡಿಯಲ್ಲಿ ನೆಲಕ್ಕೆಲ್ಲ ಹಸಿರು ಪಾಚಿ ಬೆಳೆಸಿದ್ದರು. "ಪಾಚಿ ನೋಡೋಕೆ ಹಡಗು ಹತ್ತಿ ಬರ್ಬೇಕಿತ್ತೇನೋ? ನಮ್ಮ ಬಚ್ಚಲ ಹಿಂದೆ ಬೇಕಾದಷ್ಟೈತೆ." ನಗೋಣವೆಂದರೆ ಹಸಿವಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಕಂಬ ಹಿಡಿದು ನಿಂತೆ.

ಹೊರಗಿನ ಗಲ್ಲಿಗೆ ಕಾಲಿಟ್ಟವರೇ ಅತ್ತೆ ಕೂಗಿದರು. "ಬಿಲ್ವ!"

ಯಾರದೋ ಮನೆಯ ಮುಳ್ಳುಬೇಲಿ. ಮೂರು ಮೂರು ಎಲೆ, ಉದ್ದುದ್ದ ಮುಳ್ಳು, ಹಸಿರು ಗುಂಡು ಕಾಯಿ ಕೂಡ. ಅತ್ತೆ ಕೀಳತೊಡಗಿದರು. ಒಳಗಿಂದ ಒಬ್ಬ ಮುದುಕಿ ಪೊರಕೆ ಹಿಡಿದು ಬಂದಳು. ಅತ್ತೆ ಹೆದರಲಿಲ್ಲ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟು ತೋರಿಸಿದರು, ಎಲೆ ತೋರಿಸಿದರು, ಕೊನೆಗೆ ಹೊಟ್ಟೆ ತೋರಿಸಿದರು. ಮುದುಕಿ ಪೊರಕೆ ಬದಿಗಿಟ್ಟು ನೀರು, ಚಾಪೆ, ಕತ್ತರಿ ತಂದಳು.

ಎಲೆ ತೊಳೆಯುವ ಕೆಲಸ ನನ್ನದು. ಒಂದೆಲೆ ಬೆರಳಿಗೆ ಸಿಕ್ಕಿ ಮುರಿಯಿತು. ಘಮ್ಮೆಂದು ಕಿತ್ತಳೆಯ ವಾಸನೆ! ಅದು ಬಿಲ್ವವಲ್ಲ, ಕಿತ್ತಳೆಯ ಜಾತಿಯೆಂದು ಕೊಡಗಿನಲ್ಲಿ ಬೆಳೆದ ಮೂಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಜಮಾನರೂ ಮೂಗು ಅರಳಿಸಿದರು. ಅವರು ಬಾಯಿ ತೆರೆಯುವ ಮೊದಲೇ ಕಾಲು ತುಳಿದೆ. ಅತ್ತೆ ಮುದುಕಿಯ ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಪೂಜೆ ಮುಗಿಸಿದರು. ಆಮೇಲೆ ಬುತ್ತಿಯ ಎಳ್ಳುಂಡೆಗಳ ಮೇಲೆ ನಾನು ಹೇಗೆ ಬಿದ್ದೆನೆಂದರೆ ಮುದುಕಿಗೆ ಒಂದು ಉಳಿದದ್ದೇ ಹೆಚ್ಚು.

ಊರಿಗೆ ಮರಳಿದ ಮೇಲೆ ಅತ್ತೆ ಸಿಕ್ಕಸಿಕ್ಕವರಿಗೆಲ್ಲ, "ಜಪಾನಿನಾಗೆ ಬೇಲಿಗೂ ಬಿಲ್ವನೇ ಹಾಕ್ತಾರೆ ಕಣ್ರೀ," ಎಂದು ಹೇಳಿದ್ದೇ ಹೇಳಿದ್ದು. ನಾನು ಒಳಗೊಳಗೇ ನಗುತ್ತಿದ್ದೆ. ಆ ವರ್ಷದ ಕಿತ್ತಳೆ ಸುಗ್ಗಿಯಲ್ಲಿ ಹಿತ್ತಲಲ್ಲಿ ಹಣ್ಣು ಬಿಡಿಸುವಾಗ ಮಾತ್ರ ತಡೆಯಲಾಗಲಿಲ್ಲ. ಒಂದೆಲೆ ಮುರಿದು ಅವರ ಮೂಗಿಗೆ ಹಿಡಿದೆ.

"ಅತ್ತೆಮ್ಮಾ, ಇದು ಜಪಾನಿನ ಬಿಲ್ವದ ವಾಸನೆ ಅಲ್ವಾ?"

"ಬಲು ಜಾಣೆ ಬಿಡು. ಎಲೆ ಕಿತ್ತೋಳು ನಾನಲ್ವೇನೇ? ನಿಂಗಿಂತ ಮುಂಚೆ ನನ್ ಕೈ ಘಮ್ಮಂತಿತ್ತು."

"ಗೊತ್ತಿದ್ದೂ ಲಿಂಗಕ್ಕೆ ಏರಿಸಿದ್ರಾ?"

"ಆ ಪಾಚಿ ಗುಡೀಲಿ ನೀನು ಕಂಬ ಹಿಡ್ಕಂಡಿದ್ದು ನೋಡ್ದೆ. ನಾನು ಉಣ್ಣದೆ ನೀನು ಉಣ್ತಿದ್ಯಾ?"

"ಇಲ್ಲ."

"ಮತ್ತೆ? ಅದು ಬಿಲ್ವನೇ."

ನನಗೆ ಅಳು ಬಂತು. ಅತ್ತೆ ಅದನ್ನು ಕಂಡೂ ಕಾಣದವರಂತೆ ಒಂದು ಹಣ್ಣು ಸುಲಿದರು. ಮೊದಲ ತೊಳೆಯನ್ನು ನನ್ನ ಬಾಯಿಗಿಟ್ಟು, ನಾನು ನುಂಗಿದ ಮೇಲೆ ತಾವು ತಿಂದರು.