ಮೋಟರ್ ಡಬ್ಬಿಯಲ್ಲಿದ್ದ ನನ್ನ ಹೆಸರು

‘ಸರ, ಮೋಟರ್ ಡಬ್ಬಿ ಯಾರೋ ಬಿಚ್ಕೊಂಡು ಹೋಗ್ಯಾರ್ರಿ. ನಿಮ್ಮ ಸಿಮ್ಮು ಅದರಾಗೇ ಅದರಿ!’

ಪಕ್ಕದ ಹೊಲದ ಶರಣಪ್ಪ ಏದುಸಿರು ಬಿಡುತ್ತ ಹೀಗೆಂದಾಗ ನಾನು ಕರಜಗಿಯ ಚಹಾ ಅಂಗಡಿಯಲ್ಲಿ ಟಿವಿ ನೋಡುತ್ತಿದ್ದೆ. ಭಯೋತ್ಪಾದನೆ ತಡೆಯಲು ತನಿಖಾ ಸಂಸ್ಥೆಗಳಿಗೆ ಇನ್ನಷ್ಟು ಅಧಿಕಾರ ಕೊಡುವ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ನಡೆದಿತ್ತು. ಬರೀ ಅನುಮಾನದ ಮೇಲೆ ತಿಂಗಳುಗಟ್ಟಲೆ ಒಳಗಿಡುವುದು ಸರಿಯೇ ಎಂದು ಸದಸ್ಯರೊಬ್ಬರು ಕೂಗುತ್ತಿದ್ದರು.

ಭೀಮಾ ನದಿ ದಂಡೆಯಲ್ಲಿರುವ ಅವನ ನೀರಿನ ಮೋಟರನ್ನು ಮನೆಯಿಂದಲೇ ಫೋನ್ ಮಾಡಿ ಚಾಲೂ ಮಾಡುವ ಡಬ್ಬಿ ಅದು. ಕಬ್ಬು ಕಡಿದು ಸವೆದ ಶರಣಪ್ಪನ ಬೆರಳಚ್ಚನ್ನು ಸಿಮ್ ಅಂಗಡಿಯ ಯಂತ್ರ ಒಪ್ಪದಿದ್ದಾಗ, ನನ್ನ ಆಧಾರ್ ಕೊಟ್ಟು ನನ್ನ ಹೆಸರಿನಲ್ಲೇ ಆ ಡಬ್ಬಿಗೆ ಸಿಮ್ ಕೊಡಿಸಿದ್ದೆ. ನಮ್ಮಲ್ಲಿ ಇದೇನು ದೊಡ್ಡ ಮಾತಲ್ಲ.

ಆ ನಂಬರಿಗೆ ಫೋನ್ ಮಾಡಿದೆ. ‘ಮೋಟರ್ ಚಾಲೂ ಆಗಿದೆ’ ಎನ್ನುವ ಹೆಣ್ಣುದನಿಯ ಬದಲು ಗಂಡಸೊಬ್ಬ, ‘ಯಾವನಲೇ ನೀ?’ ಎಂದ. ಸಿಮ್ಮು ಆಗಲೇ ಬೇರೆ ಫೋನು ಸೇರಿತ್ತು. ನನ್ನದೇ ನಂಬರಿಗೆ ನನ್ನ ಹೆಸರು ಹೇಳದೆ ಫೋನ್ ಇಟ್ಟೆ.

ಸಿಮ್ಮನ್ನು ಅಂದೇ ಬಂದ್ ಮಾಡಿಸಿದೆ. ಅಷ್ಟರೊಳಗೆ ಆ ದನಿ ನನ್ನ ಹೆಸರಿನಲ್ಲಿ ಯಾರ ಯಾರ ಜೊತೆ ಮಾತಾಡಿತ್ತೋ ಗೊತ್ತಿಲ್ಲ. ಈಗಲೂ ಓಣಿಯಲ್ಲಿ ಜೀಪಿನ ಸದ್ದಾದರೆ, ಪೊಲೀಸರೇ ಬಂದರೇನೋ ಎಂದು, ಏನೂ ಮಾಡದ ನಾನು ಕೂತಲ್ಲೇ ಉತ್ತರ ಹುಡುಕತೊಡಗುತ್ತೇನೆ.