ಗುಡ್ಡ ಒಂದೋ, ಎರಡೋ

ನಮ್ಮ ಗಜೇಂದ್ರಗಡದಲ್ಲಿ ಕಿಟಕಿ ತೆರೆದರೆ ಗುಡ್ಡ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ? ನೋಡಿದವನು ನಮ್ಮಣ್ಣ ಒಬ್ಬನೇ. ಅಪ್ಪ ಬಿಟ್ಟುಹೋದ ಹಾರ್ಡ್‌ವೇರ್ ಅಂಗಡಿಯನ್ನು ಅವನೂ ತಂಗಿಯಾದ ನಾನೂ ನಡೆಸುತ್ತೇವೆ. ಭಾನುವಾರ ಅದಕ್ಕೆ ಬೀಗ ಜಡಿದು, ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಗುಡ್ಡ ಹತ್ತುವುದು ಅವನ ಚಟ. ಹತ್ತಿದರೆ ಸಾಲದು, ಅಳೆಯಬೇಕು. ಎತ್ತರದ ಪ್ರಕಾರ ದೊಡ್ಡವು, ನಡುವಿನವು, ಸಣ್ಣವು ಎಂದು ಪಟ್ಟಿ ಮಾಡಿ ಚಾರಣಿಗರಿಗೆ ಕಳಿಸಬೇಕು. ನರಗುಂದದ ಗುಡ್ಡ ಪಟ್ಟಿಯಲ್ಲಿ ಗತ್ತಿನಿಂದ ಕೂತಿತು. ರೋಣದ ಕಡೆ ಬರೀ ಸಪಾಟಾದ ಎರೆ ಭೂಮಿ. ಅಬ್ಬಿಗೇರಿಯ ಗೆಳೆಯನೊಬ್ಬ ತಮ್ಮ ಹೊಲದ ದಿಬ್ಬವನ್ನೂ ಸೇರಿಸಬೇಕೆಂದು ಪಟ್ಟು ಹಿಡಿದಾಗ, ಅದರ ಪಕ್ಕ ಎಮ್ಮೆ ನಿಂತರೆ ಎಮ್ಮೆಯೇ ಎತ್ತರ ಎಂದು ನಾನೇ ಬಾಯಿ ಹಾಕಿದೆ. ನನ್ನ ಬಾಯಿ ಹಾಗೆಯೇ, ಅವ್ವ ಇದ್ದಾಗ ದಿನಾ ಬೈಯುತ್ತಿದ್ದಳು.

ಪಟ್ಟಿಗೆ ಒಂದು ಕಾಯ್ದೆ ಇದೆ. ಎರಡು ನೆತ್ತಿಗಳ ನಡುವಿನ ತಗ್ಗಿನಿಂದ ಮೂವತ್ತು ಮೀಟರಾದರೂ ಏರಿದರೆ ಮಾತ್ರ ಅದು ಬೇರೆ ಗುಡ್ಡ. ಇಲ್ಲದಿದ್ದರೆ ಎರಡೂ ಸೇರಿ ಒಂದೇ.

ಪಟ್ಟಿಯಲ್ಲಿದ್ದವನ್ನೆಲ್ಲ ಅಣ್ಣ ಹತ್ತಿದ್ದ. ಜೋಡಿ ನೆತ್ತಿಯ ಒಂದು ಗುಡ್ಡದ ಚಿಕ್ಕ ನೆತ್ತಿ ಮಾತ್ರ ಉಳಿದಿತ್ತು, ಚಿಕ್ಕದಾದರೂ ಭಾರಿ ಕಡಿದು, ಬೇರೆ ಗುಡ್ಡ ಹೌದೋ ಅಲ್ಲವೋ ಎಂದು ಅದನ್ನಿನ್ನೂ ಅಳೆದಿರಲಿಲ್ಲ. ಅಷ್ಟರಲ್ಲಿ ಅವನ ಮೊಣಕಾಲು ಸವೆದುಹೋಯಿತು. ಆಪರೇಶನ್ ಆಗಲೇಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ಅಣ್ಣ ಇವತ್ತು, ನಾಳೆ ಎಂದು ತಳ್ಳುತ್ತಲೇ ಇದ್ದ. ಕಾಲು ಕೊಯ್ಯಿಸಿಕೊಂಡ ಮೇಲೆ ಮತ್ತೆ ಗುಡ್ಡ ಹತ್ತುತ್ತೇನೋ ಇಲ್ಲವೋ ಎಂಬ ಅಂಜಿಕೆ. ಆ ಚಿಕ್ಕ ನೆತ್ತಿ ಬೇರೆ ಗುಡ್ಡವಲ್ಲ ಎಂದಾದರೆ ಪಟ್ಟಿ ಮುಗಿದ ನೆಮ್ಮದಿಯಲ್ಲಿ ದವಾಖಾನೆಗೆ ಹೋದಾನು ಎಂದು ಗೆಳೆಯರು ಲೆಕ್ಕ ಹಾಕಿದರು. ನಾನೂ ದೇವರಿಗೆ ಹಾಗೆಯೇ ಬೇಡಿಕೊಂಡೆ.

ಅಳತೆಗೆ ನಾವು ಮೊಬೈಲನ್ನು ನಂಬುವುದಿಲ್ಲ. ಗೌಂಡಿಗಳು ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಪೈಪು ನಮ್ಮ ಅಂಗಡಿಯಲ್ಲೇ ಉಂಟು. ಒಂದು ತುದಿ ಕೆಳಗಿನವರ ಕೈಯಲ್ಲಿ, ಇನ್ನೊಂದು ಮೇಲಿನವರ ಕೈಯಲ್ಲಿ. ನೀರು ನಿಂತ ಮಟ್ಟ ನೋಡಿ, ಏರಿದಷ್ಟನ್ನೂ ಕೂಡಿಸುತ್ತಾ ಹೋಗುವುದು. ಆ ಭಾನುವಾರ ಅಣ್ಣನನ್ನು ಜೀಪಿನಲ್ಲಿ ತಗ್ಗಿನವರೆಗೆ ಕರೆದೊಯ್ದೆವು. ಕರೆಂಟು ತಯಾರಿಸುವ ದೊಡ್ಡ ಗಾಳಿ ಫ್ಯಾನು ಸಾಗಿಸಲೆಂದು ಅಲ್ಲಿ ರಸ್ತೆ ಮಾಡಿದ್ದಾರೆ. ಅವನನ್ನು ಕಲ್ಲಿನ ಮೇಲೆ ಕೂರಿಸಿ, ರಸ್ತೆಯಿಂದಲೇ ಶುರು ಮಾಡಿ ನೆತ್ತಿ ಮುಟ್ಟಿದೆವು. ಮೂವತ್ತಕ್ಕೆ ಒಂದಾಳಿನಷ್ಟು ಕಡಿಮೆ ಬಿತ್ತು. ಇಳಿದು ಬಂದು ಹೇಳಿ, ಗೆಳೆಯರು ಖುಷಿಯಿಂದ ಚುರುಮುರಿ ಗಂಟು ಬಿಚ್ಚಿದರು.

"ಹಂಗಾರ ಮುಗೀತು" ಎಂದ ಅಣ್ಣ. ಚುರುಮುರಿ ಬೇಡವೆಂದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಬೇಡಿದ್ದು ಸಿಕ್ಕಿತ್ತು, ಆದರೂ ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಕೂತಿದ್ದ.

ಅವನಿಗೆ ನಾಲ್ಕು ಕವಳಿ ಹಣ್ಣಾದರೂ ಕಿತ್ತು ಕೊಡೋಣವೆಂದು ರಸ್ತೆಯ ಬದಿ ಇಳಿದೆ. ಕೆಳಗೆ ಮಳೆನೀರು ಹಾಯಲು ಇಟ್ಟ ಸಿಮೆಂಟ್ ಪೈಪು. ಅದರ ಪಕ್ಕ ನಿಂತು ಕೈ ಎತ್ತಿದರೂ ರಸ್ತೆಯ ಅಂಚು ಸಿಗಲಿಲ್ಲ. ಆಚೆ ಬದಿಗೂ ಹೋಗಿ ನೋಡಿದೆ, ಹಳೆಯ ನೆಲ ಅಲ್ಲೂ ಅಷ್ಟೇ ಕೆಳಗಿತ್ತು. ಲಾರಿಗಟ್ಟಲೆ ಮಣ್ಣು ಸುರಿದು ತಗ್ಗನ್ನೇ ಮೇಲಕ್ಕೆತ್ತಿದ್ದರು. ಅಂಗಡಿಯಲ್ಲಿ ಪೈಪು ಮಾರಿಯೇ ಬದುಕುವವರಿಗೆ ಕಾಲಡಿಯ ಪೈಪು ಕಾಣಲಿಲ್ಲ ನೋಡಿ.

ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಮೇಲೆ ಬಂದು ಹೇಳಿಯೇಬಿಟ್ಟೆ.

"ಅಣ್ಣಾ, ತಗ್ಗು ಇದಲ್ಲೋ. ಇದು ಹೊರಗಿಂದ ತಂದು ಹಾಕಿದ ಮಣ್ಣು."

ಗೆಳೆಯರು ನನ್ನನ್ನು ನುಂಗುವಂತೆ ನೋಡಿದರು. ಆದರೂ ಪೈಪು ಹಿಡಿದು ಹಳೆಯ ನೆಲದಿಂದ ರಸ್ತೆಯವರೆಗೆ ಅಳೆದು ಕೂಡಿಸಿದರು. ಮೂವತ್ತು ದಾಟಿತು. ಗುಡ್ಡ ಎರಡೇ. ಅಣ್ಣ ಹತ್ತಬೇಕಾದದ್ದು ಒಂದು ಉಳಿಯಿತು.

ಅವನು ತಲೆ ಎತ್ತಿ ಆ ನೆತ್ತಿಯನ್ನು ಬಹಳ ಹೊತ್ತು ನೋಡಿದ. ಯಾವ ಕಡೆಯಿಂದ ಹತ್ತಿದರೆ ಹಾದಿ ಸುಲಭ ಎಂದು ನನ್ನನ್ನೇ ಕೇಳಿದ. ನನ್ನ ಜೀವಕ್ಕೆ ಸಮಾಧಾನವಾಯಿತು.

ಮರುದಿನ ಅಂಗಡಿ ತೆರೆಯುವ ಮೊದಲೇ ಅವನು ಹುಬ್ಬಳ್ಳಿಗೆ ಫೋನ್ ಹಚ್ಚಿದ. ನಾನು ಬೀಗದ ಕೈ ಹಿಡಿದು ಕೇಳುತ್ತಾ ನಿಂತಿದ್ದೆ.

"ಡಾಕ್ಟರ್ ಸಾಹೇಬ್ರ, ಕಾಲಿಂದು ಲಗೂ ಮಾಡಿಬಿಡ್ರಿ. ನಂದೊಂದು ಗುಡ್ಡ ಉಳದೈತಿ."